ಡ್ರೈನ್ ನಟ್ ಸೋರುತ್ತಿದೆಯೇ? ಬಿಗಿ ಮಾಡುವ ಮೊದಲು ವಾಷರ್ ನೋಡಿ

ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಹಾಗಿದ್ದರೂ ಬಳ್ಳಾರಿಯ ಯಾವ ಓಣಿಗೆ ಹೋದರೂ ಒಂದಾದರೂ ಕಣ್ಣಿಗೆ ಬೀಳುತ್ತದೆ. ಅದರ ಕೆಳಗಿನ ಹಾಸುಗಲ್ಲಿನ ಮೇಲೆ ಒಂದು ಕಪ್ಪು ಕಲೆಯೂ ಇರುತ್ತದೆ, ಎಂಜಿನ್ ಆಯಿಲ್ ಹೊರಬಿಡುವ ಡ್ರೈನ್ ನಟ್ಟಿನಿಂದ ಸೋರಿದ್ದು. ಹತ್ತರಲ್ಲಿ ಆರೇಳು ಮಂದಿ ಇದಕ್ಕೆ ಮಾಡುವ ಚಿಕಿತ್ಸೆ ಒಂದೇ. "ಇನ್ನೊಂದು ಸುತ್ತು ಬಿಗಿ ಹಾಕ್ರಿ ಅಣ್ಣಾ" ಅನ್ನುತ್ತಾರೆ, ಗ್ಯಾರೇಜಿನ ಹುಡುಗ ಮಲಗಿಕೊಂಡೇ ಪಾನಾ ಜಗ್ಗುತ್ತಾನೆ. ಎರಡು ವಾರ ಸುಮ್ಮನಿದ್ದು ಮತ್ತೆ ಸೋರುತ್ತದೆ, ಮತ್ತೆ ಬಿಗಿ. ಕೊನೆಗೊಮ್ಮೆ ನಟ್ ಅತ್ತ ಬಿಗಿಯೂ ಆಗದೆ ಇತ್ತ ಬಿಚ್ಚಲೂ ಬಾರದೆ ನಿಂತಲ್ಲೇ ತಿರುಗತೊಡಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ಕೆಲಸ ಚೇಂಬರ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಬದಲಿಸುವ ಕೆಲಸವಾಗುವುದು ಹೀಗೆ.

ಆಯಿಲನ್ನು ತಡೆಯುವುದು ಥ್ರೆಡ್ (ನಟ್ಟಿನ ಸುರುಳಿ ಗೆರೆ) ಅಲ್ಲ. ಥ್ರೆಡ್ ನಟ್ಟನ್ನು ಒಳಗೆ ಎಳೆದು ಹಿಡಿಯುತ್ತದೆ, ಅಷ್ಟೇ. ನಟ್ಟಿನ ತಲೆಗೂ ಚೇಂಬರಿನ ಮುಖಕ್ಕೂ ನಡುವೆ ಒತ್ತಿಕೊಂಡು ಕೂರುವ ಮೆತ್ತನೆಯ ವಾಷರ್ ಸೋರಿಕೆಯನ್ನು ತಡೆಯುತ್ತದೆ. ಆ ವಾಷರ್ ಹಳೆಯದಾಗಿದ್ದರೆ, ಅಥವಾ ಅದು ಕೂರುವ ಜಾಗ ಹಾಳಾಗಿದ್ದರೆ ಎಷ್ಟು ಬಿಗಿ ಹಾಕಿದರೂ ಪ್ರಯೋಜನವಿಲ್ಲ.

ಹಂತ 1: ಸೋರುತ್ತಿರುವುದು ಅಲ್ಲಿಂದಲೇ ಎಂದು ಖಚಿತಪಡಿಸಿಕೊಳ್ಳಿ

ಎಂಜಿನ್ನಿನಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಡ್ರೈನ್ ನಟ್. ಮೇಲೆ ಎಲ್ಲೇ ಸೋರಲಿ, ವಾಲ್ವ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಕ್ರ್ಯಾಂಕ್ ಆಯಿಲ್ ಸೀಲ್, ಯಾವುದಿದ್ದರೂ ಕೊನೆಯ ಹನಿ ತೊಟ್ಟಿಕ್ಕುವುದು ಅಲ್ಲಿಂದಲೇ. ಚೇಂಬರನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಪೂರ್ತಿ ಒಣಗಿಸಿ. ಬೇರೆ ಊರಿನವರು ಇದರ ಮೇಲೆ ಮುಖದ ಪೌಡರ್ ಉದುರಿಸುತ್ತಾರೆ. ನಮಗೆ ಅದು ಬೇಕಿಲ್ಲ. ತೋರಣಗಲ್ಲು ಕಡೆಗೋ ಸಂಡೂರು ಕಡೆಗೋ ಒಂದು ಸುತ್ತು ಹೋಗಿ ಬಂದರೆ ಅದಿರಿನ ಕೆಂಪು ದೂಳು ತಾನೇ ಹಿಡಿದಿರುತ್ತದೆ. ದೂಳು ಎಲ್ಲಿಂದ ಒದ್ದೆಯಾಗಿ ಕಪ್ಪಗೆ ಇಳಿದಿದೆ ನೋಡಿ. ಗೆರೆ ನಟ್ಟಿನ ಮೇಲಿನಿಂದಲೇ ಬಂದಿದ್ದರೆ ಈ ಲೇಖನ ನಿಮಗಲ್ಲ. ನಟ್ ಕೂರುವ ಬೆಸುಗೆ ಬಳೆಯ ಸುತ್ತಲೂ ಬೆರಳಾಡಿಸಿ. ರಸ್ತೆಯ ಹಂಪಿಗೆ (ಸ್ಪೀಡ್ ಬ್ರೇಕರಿಗೆ) ತಳ ತಾಗಿಸಿಕೊಂಡ ಗಾಡಿಗಳಲ್ಲಿ ಆ ಬೆಸುಗೆ ಕೂದಲೆಳೆಯಷ್ಟು ಬಿರಿದಿರುತ್ತದೆ. ಅದಕ್ಕೆ ವಾಷರ್ ಮದ್ದಲ್ಲ.

ಹಂತ 2: ಎತ್ತುವುದು

ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಹಿಂದಿನ ಗಾಲಿಗೆ ಕಲ್ಲು, ಜಾಕಿನ ಕೆಳಗೆ ದಪ್ಪ ಹಲಗೆ. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಡಾಂಬರು ಮೆತ್ತಗಾಗಿ ಜಾಕಿನ ಪಾದ ಕುಸಿಯುತ್ತದೆ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಲೇಬೇಕು. ಇಟ್ಟಿಗೆ ಪೇರಿಸಿ ಕೆಳಗೆ ನುಸುಳುವವರಿಗೆ ನಾನು ಹೇಳುವುದು ಇಷ್ಟೇ: ಇಟ್ಟಿಗೆ ಬಿರುಕು ಬಿಟ್ಟು ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ.

ಹಂತ 3: ಬಿಚ್ಚುವುದು

ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ. ಆಯಿಲ್ ಬೆಚ್ಚಗಿದ್ದರೆ ಸಾಕು, ಸುಡುವಂತಿರಬಾರದು. ಗೋಟಿ ಪಾನಾ (ಸಾಕೆಟ್) ಇಲ್ಲವೇ ರಿಂಗ್ ಪಾನಾ ಬಳಸಿ. ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಪಾನಾ ಬೇಡ. ಹಳೆ ನಟ್ಟುಗಳ ಮೂಲೆ ಸವೆದು ದುಂಡಗಾಗಿರುವುದೇ ಅದರಿಂದ. ಬಿಚ್ಚುವಾಗ ನಟ್ಟನ್ನು ಬೆರಳಿಂದ ಮೇಲಕ್ಕೆ ಒತ್ತಿ ಹಿಡಿದೇ ತಿರುಗಿಸಿ, ಕೊನೆಯಲ್ಲಿ ಸರಕ್ಕನೆ ಪಕ್ಕಕ್ಕೆ ಎಳೆದುಕೊಳ್ಳಿ. ಐದು ಲೀಟರ್ ಹಿಡಿಯುವ ಅಗಲ ಬಾಯಿಯ ತೊಟ್ಟಿ ಸಾಕು.

ಹಂತ 4: ಕೂರುವ ಜಾಗ

ಕೆಲಸ ಕೆಡುವುದು ಇಲ್ಲಿ. ನಟ್ ಕೈಗೆ ಬಂದಿತು, ವಾಷರ್ ಬರಲಿಲ್ಲ ಎಂದರೆ "ಇದಕ್ಕೆ ವಾಷರೇ ಇರಲಿಲ್ಲ" ಅಂದುಕೊಳ್ಳಬೇಡಿ. ವರ್ಷಗಟ್ಟಲೆ ಬಿಗಿ ತಿಂದ ವಾಷರ್ ಚೇಂಬರಿಗೇ ಅಂಟಿಕೊಂಡು, ಮಸಿ ಮೆತ್ತಿ, ಅದೂ ಚೇಂಬರಿನದೇ ಭಾಗ ಎನ್ನುವ ಹಾಗೆ ಕಾಣುತ್ತದೆ. ಅದರ ಮೇಲೆ ಹೊಸದನ್ನು ಹಾಕಿದರೆ ಎರಡು ವಾಷರುಗಳ ನಡುವಿನಿಂದ ಸೋರುತ್ತದೆ. ಟಾರ್ಚ್ ಹಿಡಿದು ತೂತಿನ ಅಂಚಿಗೆ ಉಗುರು ಎಳೆಯಿರಿ. ಮೆಟ್ಟಿಲಿನಂತೆ ತಡೆದರೆ ಹಳೆ ವಾಷರ್ ಅಲ್ಲೇ ಇದೆ. ಚಪ್ಪಟೆ ಬ್ಲೇಡನ್ನು ಓರೆಯಾಗಿ ಕೊಟ್ಟು ಮೆಲ್ಲಗೆ ಎಬ್ಬಿಸಿ. ಉಳಿ, ಸುತ್ತಿಗೆ ಮುಟ್ಟಬೇಡಿ. ಆ ಮುಖಕ್ಕೆ ಅಡ್ಡಡ್ಡ ಬಿದ್ದ ಒಂದು ಗೀರು ಸಾಕು, ಆಯಿಲಿಗೆ ಅದೇ ಕಾಲುವೆ.

ನಟ್ಟಿನ ತಲೆಯ ಒಳಮುಖಕ್ಕೂ ಇದೇ ಪರೀಕ್ಷೆ. ವಾಷರಿನ ಅಚ್ಚು ಅಲ್ಲಿ ಉಂಗುರದಂತೆ ಇಳಿದಿದ್ದರೆ ನಟ್ಟನ್ನೇ ಬದಲಿಸಿ. ಥ್ರೆಡ್ಡಿನ ಸಂದಿಯಲ್ಲಿ ಹೊಳೆಯುವ ಲೋಹದ ನೂಲು ಕಂಡರೂ ಅಷ್ಟೇ. ಅದು ಚೇಂಬರಿನ ಥ್ರೆಡ್ ಸವೆದು ಬಂದದ್ದು.

ವಾಷರಿನ ವಿಷಯದಲ್ಲಿ ನನ್ನದು ಹಟ: ತಾಮ್ರದ್ದು ಅಥವಾ ಕಂಪನಿ ಕೊಟ್ಟ ಜಾತಿಯದು, ಪ್ರತಿ ಸಲವೂ ಹೊಸದು. ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿಗಿಂತ ಅಗ್ಗ. ಭಾನುವಾರ ಅಂಗಡಿ ಮುಚ್ಚಿದ್ದರೆ ಹಳೆ ಮೇಸ್ತ್ರಿಗಳ ಉಪಾಯ ಉಂಟು. ತಾಮ್ರದ ವಾಷರನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಅದು ಮತ್ತೆ ಮೆತ್ತಗಾಗುತ್ತದೆ. ತಾಮ್ರ ಕಬ್ಬಿಣದಂತೆ ಗಟ್ಟಿಯಾಗುವುದಿಲ್ಲ. ಮೇಲಿನ ಕಪ್ಪು ಹೊಪ್ಪಳೆಯನ್ನು ನಯವಾದ ಉಪ್ಪುಕಾಗದದಲ್ಲಿ ತೆಗೆದು ಹಾಕಿ. ಆದರೆ ಜಜ್ಜಿ ತೆಳ್ಳಗಾದದ್ದಕ್ಕೆ ಈ ಉಪಾಯ ನಡೆಯದು. ಇನ್ನು ನಲ್ಲಿಗೆ ಸುತ್ತುವ ಬಿಳಿ ಟೇಪು, ಗ್ಯಾಸ್ಕೆಟ್ ಪೇಸ್ಟು, ಎರಡು ಬಣ್ಣ ಕಲಸಿ ಮೆತ್ತುವ ಮುದ್ದೆ ಯಾವುದೂ ಬೇಡ. ಟೇಪಿನ ಚೂರು ಒಳಗೆ ಹೋಗಿ ಆಯಿಲ್ ಪಂಪಿನ ಜಾಳಿಗೆಗೆ ಅಡ್ಡ ಕೂತರೆ ಎಂಜಿನ್ನಿಗೇ ಕುತ್ತು. "ಆಯಿಲಿಗೆ ಸುರಿಯಿರಿ, ಸೋರಿಕೆ ನಿಲ್ಲುತ್ತದೆ" ಎಂದು ಮಾರುವ ಡಬ್ಬಿಗಳು ರಬ್ಬರ್ ಸೀಲನ್ನು ಉಬ್ಬಿಸುವುದಕ್ಕೆ ಇರುವಂಥವು. ತಾಮ್ರದ ವಾಷರಿಗೆ ಅವುಗಳಿಂದ ಏನೂ ಆಗುವುದಿಲ್ಲ.

ಹಂತ 5: ಬಿಗಿ, ಎಷ್ಟು ಬಿಗಿ?

ಮೊದಲ ಸುತ್ತುಗಳೆಲ್ಲ ಬರಿಗೈಯಲ್ಲೇ. ನಟ್ಟನ್ನು ತೂತಿಗೆ ಇಟ್ಟು ಮೊದಲು ಹಿಂದಕ್ಕೆ ತಿರುಗಿಸಿ. 'ಟಕ್' ಎಂದು ಥ್ರೆಡ್ ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ. ಅರ್ಧ ದಾರಿಯಲ್ಲಿ ಬಿಗಿ ಅನಿಸಿದರೆ ಓರೆಯಾಗಿ ಹತ್ತಿದೆ, ಪಾನಾ ಹಚ್ಚದೆ ಹೊರತೆಗೆಯಿರಿ.

ಕೈಯಲ್ಲಿ ವಾಷರ್ ಮುಟ್ಟಿದ ಮೇಲೆ ಪಾನಾ. 800ರಂಥ ಸಣ್ಣ ಸುಜುಕಿ ಎಂಜಿನ್ನುಗಳಿಗೆ ಬೇಕಾದ ಬಿಗಿ ಸುಮಾರು 35 ನ್ಯೂಟನ್ ಮೀಟರ್. ಬೇರೆ ಗಾಡಿಯಾದರೆ ಅದರ ಪುಸ್ತಕ ನೋಡಿ. ಬಿಗಿ ಅಳೆಯುವ ಟಾರ್ಕ್ ಪಾನಾ ಇಲ್ಲದವರಿಗೆ ಲೆಕ್ಕ ಹೀಗೆ: 20 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ ಹದಿನೆಂಟು ಕೆಜಿಯಷ್ಟು ಜಗ್ಗು. ಒಂದು ಕೈಯ ಸಾಧಾರಣ ಬಲ ಸಾಕು. ವಾಷರ್ ಒತ್ತಿಕೊಳ್ಳುವಾಗ ಪಾನಾ ಮೆತ್ತಗೆ ಸರಿಯುತ್ತದೆ, ಆಮೇಲೆ ತಟ್ಟನೆ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಪಾನಾಕ್ಕೆ ಪೈಪು ತೂರಿಸಿ ಎರಡೂ ಕೈಯಲ್ಲಿ ಜಗ್ಗುವವರನ್ನು ಗಾಡಿಯ ಹತ್ತಿರ ಬಿಡಬೇಡಿ, ಅವರು ನಿಮ್ಮ ಸೋದರಮಾವನೇ ಆಗಿದ್ದರೂ.

ಥ್ರೆಡ್ ಆಗಲೇ ಹೋಗಿದ್ದರೆ

ತನ್ನ ದಾರಿಯನ್ನು ತಾನೇ ಕೊರೆದುಕೊಂಡು ಹೋಗುವ ದಪ್ಪ ನಟ್ ಅಂಗಡಿಯಲ್ಲಿ ಸಿಗುತ್ತದೆ. ಅದು ಓರೆಯಾಗಿ ಹೋಗುವುದೇ ಹೆಚ್ಚು, ಲೋಹದ ಪುಡಿಯೂ ಒಳಗೇ ಬೀಳುತ್ತದೆ. ಚೇಂಬರ್ ಬಿಚ್ಚಿ ಲೇತ್ ಕೆಲಸದವರ ಹತ್ತಿರ ಒಯ್ದು ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿಸಿ. ಬಿಚ್ಚಿದ್ದರಿಂದ ಪುಡಿ ತೊಳೆಯಲೂ ಬರುತ್ತದೆ, ಚೇಂಬರ್ ಪ್ಯಾಕಿಂಗೂ ಹೊಸದಾಗುತ್ತದೆ.

ಹಂತ 6: ತುಂಬಿ, ನೋಡಿ

ಆಯಿಲ್ ತುಂಬಿ, ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿ. ರಾತ್ರಿ ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ಒಂದೆರಡು ಹನಿ ಕಂಡರೆ ಗಾಬರಿ ಬೇಡ, ಮೇಲೆ ಚೆಲ್ಲಿದ್ದು ಇಳಿದಿರಬಹುದು. ಒರೆಸಿ ಇನ್ನೊಂದು ರಾತ್ರಿ ನೋಡಿ. ಆಗಲೂ ಬಿದ್ದರೆ ಬಿಗಿ ಮಾಡಲು ಹೋಗಬೇಡಿ, ನಾಲ್ಕನೇ ಹಂತಕ್ಕೆ ವಾಪಸ್. ತೆಗೆದ ಹಳೆ ಆಯಿಲನ್ನು ಕ್ಯಾನಿಗೆ ತುಂಬಿ, ಅದನ್ನು ಕೊಳ್ಳುವ ಗ್ಯಾರೇಜಿಗೆ ಕೊಡಿ. ಅದು ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ. ಗಟಾರಕ್ಕೆ ಸುರಿಯುವುದು, ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿಯುವುದು ಎರಡೂ ಬೇಡ.