ಆರತಕ್ಷತೆಗೆ ಮೊದಲ ಸಲ ಸಂಭಾವನೆ ಪಡೆದು ನುಡಿಸುವವರಿಗೆ

ಕಲ್ಯಾಣಮಂಟಪಕ್ಕೆ ಸಂಜೆ ಬರುವವರು ವಧೂವರರನ್ನು ಹರಸಿ, ಫೋಟೊ ತೆಗೆಸಿಕೊಂಡು, ನೆಂಟರಿಷ್ಟರ ಜೊತೆ ನಾಲ್ಕು ಮಾತಾಡಿ, ಉಂಡು ಹೋಗಲು ಬಂದಿರುತ್ತಾರೆ. ಕೊಳಲು, ಕೀಬೋರ್ಡ್, ತಬಲ ಅವರ ಮಾತಿನ ಕೆಳಗೆ ಹರಿಯುತ್ತಿರಬೇಕು. ಕಛೇರಿಗೆ ತಯಾರಾದವರು ಇಲ್ಲಿ ಎಡವುವುದು ಬೆರಳುಗಾರಿಕೆಯಲ್ಲಲ್ಲ, ಸದ್ದಿನ ಮಟ್ಟದಲ್ಲಿ ಮತ್ತು ಹಾಡು ಹಾಡಿನ ನಡುವೆ ಬೀಳುವ ಮೌನದಲ್ಲಿ. ಮೂವರ ತಂಡ, 7ರಿಂದ 10ರವರೆಗಿನ ಕಾರ್ಯಕ್ರಮ ಎಂದುಕೊಂಡು ಇದನ್ನು ಬರೆದಿದೆ.

ಒಪ್ಪಿಕೊಳ್ಳುವಾಗ ಬಾಯಿಮಾತು ಸಾಲದು. ದಿನಾಂಕ, ಮಂಟಪದ ವಿಳಾಸ, ಆರಂಭ ಮತ್ತು ಮುಕ್ತಾಯದ ಹೊತ್ತು, ಎಷ್ಟು ಜನ ವಾದಕರು, ಮೈಕ್ ಮತ್ತು ಸ್ಪೀಕರ್ ಯಾರದು, ಪ್ರಯಾಣದ ಖರ್ಚು, ಹೊತ್ತು ಮೀರಿದರೆ ಪ್ರತಿ ಅರ್ಧ ಗಂಟೆಗೆ ಎಷ್ಟು: ಇಷ್ಟನ್ನೂ ಒಂದೇ ವಾಟ್ಸಾಪ್ ಸಂದೇಶದಲ್ಲಿ ಬರೆದು ಕಳಿಸಿ, 'ಸರಿ' ಎಂಬ ಉತ್ತರ ಪಡೆಯಿರಿ. ಅರ್ಧದಷ್ಟು ಮುಂಗಡ ಕೇಳುವುದರಲ್ಲಿ ಸಂಕೋಚ ಬೇಡ. ಉಳಿದದ್ದನ್ನು ಕೊಡುವವರು ಯಾರು ಎಂದು ಮೊದಲೇ ಹೆಸರು ಹಿಡಿದು ಕೇಳಿಟ್ಟುಕೊಳ್ಳಿ, ವಾದನದ ಕೊನೆಯ ಸುತ್ತು ಶುರುವಾಗುವ ಮುಂಚೆ ಅವರನ್ನು ಕಾಣಿ. ಹತ್ತು ಗಂಟೆಗೆ ಹೆಣ್ಣಿನ ತಂದೆ ಛತ್ರದ ಲೆಕ್ಕದಲ್ಲೋ ಬೀಗರನ್ನು ಕಳಿಸುವುದರಲ್ಲೋ ಮುಳುಗಿರುತ್ತಾರೆ. ಆಗ ಎದುರು ನಿಂತು ದುಡ್ಡು ಕೇಳುವುದು ಇಬ್ಬರಿಗೂ ಮುಜುಗರ.

ಈಗ ಪಟ್ಟಿ. 50 ನಿಮಿಷದ ಮೂರು ಸುತ್ತು, ನಡುವೆ 15 ನಿಮಿಷದ ಎರಡು ಬಿಡುವು. ಒಂದೊಂದು ಹಾಡಿಗೆ 5 ನಿಮಿಷ ಹಿಡಿದರೆ 30 ಹಾಡು ಬೇಕು, ಮೇಲೆ 5 ಹೆಚ್ಚುವರಿ. ಮೊದಲ ಸುತ್ತಿನಲ್ಲಿ ಹಂಸಧ್ವನಿ, ಮೋಹನ, ಕಲ್ಯಾಣಿಯಂಥ ರಾಗಗಳ ಕೃತಿ, ದೇವರನಾಮಗಳು. ಎರಡನೆಯದರಲ್ಲಿ ಭಾವಗೀತೆ, ಹಳೆಯ ಚಿತ್ರಗೀತೆ. ಜನ ತೆಳುವಾಗುವ ಮೂರನೆಯದರಲ್ಲಿ ಸಿಂಧುಭೈರವಿ, ಕಾಪಿ. ಶೋಕದ ರಾಗಗಳಾದ ಮುಖಾರಿ, ಶುಭಪಂತುವರಾಳಿ ಮದುವೆಮನೆಗೆ ಬೇಡ. ಚಿತ್ರಗೀತೆ ಆರಿಸುವಾಗ ಸಾಹಿತ್ಯವನ್ನು ಒಮ್ಮೆ ಪೂರ್ತಿ ಓದಿ. ನೀವು ನುಡಿಸುವುದು ಬರೀ ಮಟ್ಟು. ಆದರೆ ಕೇಳುವವರ ಮನಸ್ಸಿನಲ್ಲಿ ಸಾಲುಗಳೇ ಓಡುತ್ತಿರುತ್ತವೆ. ಅಗಲಿಕೆಯ ಹಾಡು ಎಷ್ಟು ಇಂಪಾಗಿದ್ದರೂ ಅಜ್ಜಿಯೊಬ್ಬರು ಥಟ್ಟನೆ ಗುರುತಿಸುತ್ತಾರೆ.

ಆಲಾಪನೆ ಅರ್ಧ ನಿಮಿಷ ಸಾಕು, ತನಿ ಆವರ್ತನ, ಅಂದರೆ ತಾಳವಾದ್ಯದ ಒಂಟಿ ವಾದನ, ಬೇಡವೇ ಬೇಡ. ಒಂದು ಸುತ್ತಿನ ಹಾಡುಗಳೆಲ್ಲ ಒಂದೇ ಕೊಳಲಿನಲ್ಲಿ, ಒಂದೇ ಶ್ರುತಿಯಲ್ಲಿರಲಿ. ಕೊಳಲು ಬದಲಾದರೆ ತಬಲವನ್ನು ಹೊಸ ಶ್ರುತಿಗೆ ಮತ್ತೆ ಕೂಡಿಸಬೇಕು. ಆ ಎರಡು ಮೂರು ನಿಮಿಷದ ಸುತ್ತಿಗೆಯ ಟಕಟಕ ಸಭೆಗೆಲ್ಲ ಕೇಳುತ್ತದೆ. ಹಾಡು ಮುಗಿದಾಗ ಕೀಬೋರ್ಡಿನವರು ಷಡ್ಜ ಪಂಚಮಗಳನ್ನು ಮೆಲ್ಲಗೆ ಹಿಡಿದಿರಲಿ, ಮುಂದಿನದು ಅದರೊಳಗಿಂದಲೇ ಏಳಲಿ. ಬಿಡುವಿಗೆ ಫೋನಿನಲ್ಲಿ ವಾದ್ಯಸಂಗೀತವನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಮಿಕ್ಸರಿಗೆ ಜೋಡಿಸುವ ಮುನ್ನ ಏರೋಪ್ಲೇನ್ ಮೋಡ್ ಹಾಕಿ. ಇಲ್ಲದಿದ್ದರೆ ಯಾರದೋ ಕರೆಯ ರಿಂಗ್‌ಟೋನ್ ಮಂಟಪದ ತುಂಬ ಮೊಳಗುತ್ತದೆ.

ಮಂಟಪಕ್ಕೆ 5 ಗಂಟೆಗೇ ತಲುಪಿ. ನಿಮಗೆ ಸಾಮಾನ್ಯವಾಗಿ ವೇದಿಕೆಯ ಪಕ್ಕದ ಮೂಲೆ ಸಿಗುತ್ತದೆ, ಹೂವಿನ ಅಲಂಕಾರದವರು ಅದನ್ನೂ ಅರ್ಧ ಆಕ್ರಮಿಸಿರುತ್ತಾರೆ. ಮೂವರಿಗೆ 8 ಅಡಿಗೆ 6 ಅಡಿ ಜಾಗ ಬೇಕೆಂದು ಹಿಂದಿನ ದಿನವೇ ಹೇಳಿರಿ. ಸ್ಪೀಕರ್‌ಗಳು ಮೈಕ್‌ಗಳಿಗಿಂತ ಮುಂದಿರಬೇಕು, ಹಿಂದಿದ್ದರೆ ಕುಯ್ಯೆನ್ನುವುದು ಖಚಿತ. ಸ್ಟ್ಯಾಂಡಿನ ಮೇಲೆ ಕುಳಿತವರ ತಲೆಗಿಂತ ಎತ್ತರಕ್ಕೆ ಏರಿಸಿ, ಮೊದಲ ಸಾಲಿಗೆ ನೇರ ಗುರಿಯಿಡಬೇಡಿ. ಅಲ್ಲಿ ಕೂರುವವರು ಮನೆಯ ಹಿರಿಯರು. ಕೊಳಲಿನ ಮೈಕ್ ಊದುರಂಧ್ರದ ನೇರಕ್ಕೆ ಬೇಡ. 10ರಿಂದ 15 ಸೆಂಟಿಮೀಟರ್ ದೂರದಲ್ಲಿ, ತುಸು ಮೇಲಿನಿಂದ, ಬೆರಳುಗಳ ಕಡೆಗೆ ವಾಲಿಸಿ. ಮಿಕ್ಸರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಉಸಿರಿನ ಗುಮ್ಮೆನ್ನುವ ಸದ್ದು ಹೋಗುತ್ತದೆ.

ಕೀಬೋರ್ಡಿನಲ್ಲಿ ಗೊರ್ರ್ ಎನ್ನುವ ಸದ್ದು ಬಂದರೆ ಕೇಬಲ್ಲನ್ನು ಬೈಯುವ ಮುನ್ನ ಪ್ಲಗ್ ನೋಡಿ. ದೀಪಾಲಂಕಾರದ ಲೈನಿನಿಂದ ವಿದ್ಯುತ್ ತೆಗೆದುಕೊಂಡಿರುತ್ತೀರಿ. ಕೀಬೋರ್ಡ್, ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ. ಕರೆಂಟು ಹೋಗಿ ಜನರೇಟರ್ ಹಿಡಿಯುವ ಕೆಲವು ಸೆಕೆಂಡಿನಲ್ಲಿ ಕೀಬೋರ್ಡ್ ಆರಿ, ಮತ್ತೆ ಹೊತ್ತಿಕೊಂಡಾಗ ನೀವು ಇಟ್ಟ ಟೋನ್, ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಸೆಟ್ಟಿಂಗ್) ಎಲ್ಲ ಅಳಿಸಿಹೋಗಿರಬಹುದು. ಸೆಟ್ಟಿಂಗ್‌ಗಳನ್ನು ಮೆಮೊರಿಯಲ್ಲಿ ಉಳಿಸಿ, ಸಾಧ್ಯವಾದರೆ ಚಿಕ್ಕ ಯುಪಿಎಸ್ ತನ್ನಿ. ಆ ಕ್ಷಣ ಕೊಳಲೂ ತಬಲವೂ ನಿಲ್ಲಬಾರದು. ಅವಕ್ಕೆ ಕರೆಂಟು ಬೇಡವಲ್ಲ.

ಎಸಿ ಸಭಾಂಗಣದಲ್ಲಿ ಶ್ರುತಿಯ ತೊಂದರೆ ಬೇರೆಯದು. ಕೊಳಲೊಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಸ್ವರ ಸುಮಾರು 30 ಸೆಂಟ್ ಇಳಿಯುತ್ತದೆ, ಅಂದರೆ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು. ಕೀಬೋರ್ಡು ಇದ್ದಲ್ಲೇ ಇರುತ್ತದೆ. ಆದ್ದರಿಂದ ಸಾಧನಾಕೋಣೆಯಲ್ಲಿ ಕೂಡಿಸಿದ ಶ್ರುತಿಯನ್ನು ನಂಬಬೇಡಿ: ಎಸಿ ಹಾಕಿಸಿ, ಕೊಳಲನ್ನು ಐದು ನಿಮಿಷ ಊದಿ ಬಿಸಿ ಮಾಡಿ, ಆಮೇಲೆ ಕೀಬೋರ್ಡಿನ ಸೂಕ್ಷ್ಮ ಶ್ರುತಿಯನ್ನು ಕೊಳಲಿಗೆ ಹೊಂದಿಸಿ. ಬಯಲಿನ ಮಂಟಪದಲ್ಲಿ, ಮಳೆಗಾಲದಲ್ಲಾದರೆ, ತೇವಕ್ಕೆ ತಬಲದ ಚರ್ಮ ಸಡಿಲವಾಗುತ್ತದೆ. ಬಿಡುವಿನಲ್ಲೆಲ್ಲ ಒಮ್ಮೆ ನೋಡಿಕೊಳ್ಳಿ.

ಸದ್ದಿನ ಮಟ್ಟಕ್ಕೆ ಒಂದು ಸರಳ ಪರೀಕ್ಷೆ ಇದೆ. ಸ್ಪೀಕರಿಗೆ ತೀರಾ ಹತ್ತಿರದ ಕುರ್ಚಿಗಳಲ್ಲಿ ಇಬ್ಬರನ್ನು ಕೂರಿಸಿ. ಮುಂದಕ್ಕೆ ಬಾಗದೆ, ದನಿ ಏರಿಸದೆ ಮಾತಾಡಲು ಆದರೆ ಸರಿ. ಫೋನಿನ ಸದ್ದು ಅಳೆಯುವ ಆ್ಯಪ್ ಸಭಾಂಗಣದ ನಡುವೆ 60ರಿಂದ 65 ಡೆಸಿಬೆಲ್ ತೋರಿಸಿದರೆ ಸಾಕು. ಅದರ ಲೆಕ್ಕ ಅಂದಾಜಿನದಾದರೂ ದಾರಿ ತೋರಿಸುತ್ತದೆ. ನಾನೂರು ಜನ ತುಂಬಿದ ಮೇಲೆ ನಿಮಗೆ ನಿಮ್ಮ ವಾದ್ಯವೇ ಕೇಳಿಸುವುದಿಲ್ಲ, ಕೈ ತಾನಾಗಿ ಮಿಕ್ಸರಿನ ಕಡೆ ಹೋಗುತ್ತದೆ. ತಡೆಯಿರಿ. ನೀವು ಏರಿಸಿದರೆ ಜನ ಇನ್ನೂ ಜೋರಾಗಿ ಮಾತಾಡುತ್ತಾರೆ, ನೀವು ಮತ್ತೆ ಏರಿಸುತ್ತೀರಿ, ಎಂಟೂವರೆಗೆ ಮಂಟಪ ಸಂತೆಯಾಗಿರುತ್ತದೆ. ಏರಿಸಬೇಕಾದದ್ದು ನಿಮ್ಮ ಮಾನಿಟರ್, ಅಂದರೆ ನಿಮ್ಮ ಕಡೆಗೆ ತಿರುಗಿಸಿಟ್ಟ ಸ್ಪೀಕರ್, ಮಾತ್ರ. ವೇದಿಕೆಯ ಮೇಲೆ ಹಾರೈಸುವವರು ಮದುಮಗಳ ಕಿವಿಗೆ ಬಾಗಿ ಮಾತಾಡುತ್ತಿದ್ದರೆ, ಅದು ನಿಮಗೆ ಕಾಣುವ ಸೂಚನೆ: ಒಂದು ಗೆರೆ ಇಳಿಸಿ.

ಓಲಗದವರೂ ಬಂದಿದ್ದರೆ ಮೊದಲೇ ಅವರೊಂದಿಗೆ ಮಾತಾಡಿಕೊಳ್ಳಿ. ನಾಗಸ್ವರ ಎದ್ದಾಗ ನೀವು ನಿಲ್ಲಿಸಬೇಕು, ಅದು ಮರ್ಯಾದೆಯೂ ಹೌದು, ಬೇರೆ ದಾರಿಯಿಲ್ಲದ ಮಾತೂ ಹೌದು. ವಧೂವರರ ಪ್ರವೇಶಕ್ಕೆ ಯಾವ ಹಾಡು ಎಂದು ಮನೆಯವರನ್ನು ಕೇಳಿಟ್ಟುಕೊಂಡು, ಸನ್ನೆ ಕೊಡುವವರನ್ನು ಗೊತ್ತುಮಾಡಿ. ನಡುವೆ ಚೀಟಿ ಬಂದರೆ, ಬಾರದ ಹಾಡನ್ನು ತಡವರಿಸಿ ನುಡಿಸುವ ಬದಲು ಅದೇ ಕಾಲದ ಬರುವ ಹಾಡೊಂದನ್ನು ನುಡಿಸಿ.

ಕಾನೂನಿನ ಎರಡು ಮಾತು. ಮದುವೆ ಮತ್ತು ಅದಕ್ಕೆ ಸಂಬಂಧಿಸಿದ ಸಂಭ್ರಮಗಳಲ್ಲಿ ಹಾಡು ನುಡಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಮದುವೆಗೆ ಸಂಬಂಧವಿಲ್ಲದ ಹೋಟೆಲು, ಕಂಪನಿಯ ಸಮಾರಂಭಗಳಿಗೆ ಇಲ್ಲ, ಅಲ್ಲಿ ಪರವಾನಗಿಯ ಹೊಣೆ ಯಾರದೆಂದು ಆಯೋಜಕರನ್ನು ಕೇಳಿ. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದು ಎನ್ನುತ್ತವೆ 2000ದ ಶಬ್ದಮಾಲಿನ್ಯ ನಿಯಮಗಳು. 'ಇನ್ನೊಂದೇ ಹಾಡು' ಎಂದು ಯಾರು ಎಷ್ಟು ಒತ್ತಾಯಿಸಿದರೂ ಮೈಕ್ ಆರಿಸಿ, ಅಲ್ಲಿಗೇ ಮುಗಿಸಿ.

ಊಟದ ವಿಷಯ ಚಿಕ್ಕದೆನಿಸಬಹುದು. ವಾದಕರಿಗೆ ಎರಡನೆಯ ಬಿಡುವಿನಲ್ಲಿ ಎಲೆ ಹಾಕಿಸಿ ಎಂದು ಅಡುಗೆಯ ಉಸ್ತುವಾರಿಗೆ ಏಳು ಗಂಟೆಗೇ ಹೇಳಿ, ಕೊಳಲಿನವರು ಮಾತ್ರ ಸ್ವಲ್ಪವೇ ತಿಂದು ಉಳಿದದ್ದನ್ನು ಕೊನೆಗೆ ಇಟ್ಟುಕೊಳ್ಳಲಿ. ತುಂಬಿದ ಹೊಟ್ಟೆಯಲ್ಲಿ ದೀರ್ಘ ಉಸಿರು ದಕ್ಕುವುದಿಲ್ಲ. ಹೊರಡುವಾಗ ಕೇಬಲ್, ಅಡಾಪ್ಟರ್, ತಬಲದ ಸುತ್ತಿಗೆ ಎಣಿಸಿಕೊಳ್ಳಿ. ಸುತ್ತಿಗೆಯನ್ನೇ ಹೆಚ್ಚು ಮರೆಯುವುದು.