ಮಡಚುವ ಚಾಕು ಜೇಬಿನಲ್ಲಿದ್ದರೆ ಬೆನ್ನು ಹೊಲಿಗೆಯ ಕಡೆಗಿರಲಿ

ಮೆಣಸಿನ ಬಳ್ಳಿಯ ಕಟ್ಟು ಕೊಯ್ಯಲು, ಗೊಬ್ಬರದ ಚೀಲ ಬಿಚ್ಚಲು ತೋಟಕ್ಕೆ ಮಡಚುವ ಚಾಕು ಒಯ್ಯುವವರು ದಯವಿಟ್ಟು ಅದನ್ನು ಜೇಬಿನ ತಳಕ್ಕೆ ಸುಮ್ಮನೆ ಬಿಡಬೇಡಿ. ಕ್ಲಿಪ್ಪಿನಿಂದ ಜೇಬಿನ ಹಿಂಬದಿಯ ಮೂಲೆಗೆ ಸಿಕ್ಕಿಸಿ. ಮಡಚಿದ ಅಲಗಿನ ಬೆನ್ನು, ಅಂದರೆ ಹರಿತವಿಲ್ಲದ ಅಂಚು, ಅಲ್ಲಿನ ಹೊಲಿಗೆಗೆ ಒತ್ತಿಕೊಂಡಿರಲಿ. ಆಗ ಅಲಗು ತೆರೆದುಕೊಳ್ಳಲು ಜಾಗವೇ ಸಿಗುವುದಿಲ್ಲ. ಮಡಚಿ ಸಿಕ್ಕಿಸಿದಾಗ ಅಲಗಿನ ತುದಿ ಮೇಲ್ಮುಖವಾಗಿರುವ ಚಾಕುವಾದರೆ ಇದು ಇನ್ನೂ ಮುಖ್ಯ. ಸ್ವಲ್ಪ ತೆರೆದಿದ್ದರೂ ಜೇಬಿಗಿಳಿದ ಕೈಗೆ ಮೊದಲು ತಾಗುವುದು ಆ ತುದಿಯೇ. ಕೀಲಿಗೊಂಚಲು ಬೇರೆ ಜೇಬಿನಲ್ಲಿರಲಿ.

ನಮ್ಮ ಕೊಡಗಿನ ಮಳೆಗಾಲದಲ್ಲಿ ಒದ್ದೆ ಜೇಬು ಕಾರ್ಬನ್ ಉಕ್ಕಿಗೆ ಬೇಗ ತುಕ್ಕು ಹಿಡಿಸುತ್ತದೆ. ಸಂಜೆ ಒರೆಸಿ, ತಿರುಗಣೆಗೆ ಒಂದು ಹನಿ ಎಣ್ಣೆ ಬಿಡಿ. ಕಣ್ಣೂರಿನಿಂದ ವಿಮಾನ ಹತ್ತುವ ದಿನ ಚಾಕುವನ್ನು ಮನೆಯಲ್ಲೇ ಇಟ್ಟು ಹೊರಡಿ. ಕೈಚೀಲದಲ್ಲಿ ಅದಕ್ಕೆ ಅನುಮತಿಯಿಲ್ಲ.