ರಾತ್ರಿಯ ಅತಿಭೋಜನದ ಬೇರು ಎಲ್ಲಿದೆ? ಡೈರಿ ಬರೆದು ಹುಡುಕಿ

ಮದುವೆ ಊಟದಲ್ಲಿ ಎರಡು ಹೋಳಿಗೆ ಹೆಚ್ಚಿಗೆ ತಿಂದವರಿಗೆಲ್ಲ ಬಿಂಜ್ ಈಟಿಂಗ್ ಕಾಯಿಲೆ ಇದೆ ಎನ್ನಲಾಗದು. ಹಸಿವಿಲ್ಲದಿದ್ದರೂ, ಯಾರೂ ನೋಡದ ಹೊತ್ತಿನಲ್ಲಿ, ಹೊಟ್ಟೆ ಬಿರಿಯುವಷ್ಟು ಗಬಗಬನೆ ತಿನ್ನುವುದು. ಸಾಕು ಅನ್ನಿಸಿದರೂ ಕೈ ನಿಲ್ಲದಿರುವುದು. ಆಮೇಲೆ ತನ್ನ ಮೇಲೆಯೇ ಹೇಸಿಗೆ. ಇದು ವಾರಕ್ಕೊಮ್ಮೆಯಾದರೂ, ಮೂರು ತಿಂಗಳು ನಡೆದರೆ ವೈದ್ಯರು ಕಾಯಿಲೆ ಎಂದು ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಸ್ವತಂತ್ರ ಸ್ಥಾನ ಸಿಕ್ಕಿದ್ದು 2013ರಲ್ಲಿ. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೂ ‘ಬಾಯಿಚಪಲ’ ಎಂದೇ ಹೆಸರು.

1. ತಿಂದ ಕೂಡಲೇ ಬರೆಯಿರಿ
ಕ್ಯಾಲೊರಿ ಲೆಕ್ಕ ಬೇಡವೇ ಬೇಡ. ಗಂಟೆ, ತಿಂದದ್ದು, ಅದಕ್ಕೆ ಮುಂಚೆ ನಡೆದದ್ದು, ಇಷ್ಟು ಸಾಕು. ಉದಾಹರಣೆಗೆ: ‘ಬೆಳಿಗ್ಗೆ ಕಾಫಿ ಮಾತ್ರ. ಮಧ್ಯಾಹ್ನ ಸೌತೆಕಾಯಿ, ಮಜ್ಜಿಗೆ. ರಾತ್ರಿ 11ಕ್ಕೆ ಅಡುಗೆಮನೆಯಲ್ಲಿ ನಿಂತೇ ಚಕ್ಕುಲಿ ಡಬ್ಬಿ ಖಾಲಿ, ಮತ್ತೆ ಬ್ರೆಡ್ಡು. ಅದಕ್ಕೆ ಮುಂಚೆ ಅಕ್ಕನ ಫೋನ್. ಫೋಟೊದಲ್ಲಿ ದಪ್ಪ ಕಾಣುತ್ತೀಯ ಎಂದಳು.’

2. ಕೆಳಗಿನಿಂದ ಮೇಲಕ್ಕೆ ಓದಿ
ರಾತ್ರಿಯಿಂದ ಹಿಂದಕ್ಕೆ ಬನ್ನಿ. ಬಹಳ ಸಲ ಸಿಗುವುದು ದಿನವಿಡೀ ನಡೆಸಿದ ಕಟ್ಟುನಿಟ್ಟು. ಅಮೆರಿಕದ ಮಿನೆಸೋಟದಲ್ಲಿ 1944–45ರಲ್ಲಿ 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲೇ ಆಗಲಿಲ್ಲ. ಆಯ್ಕೆಗೆ ಮುಂಚೆ ಅವರ ಮಾನಸಿಕ ಆರೋಗ್ಯವನ್ನೂ ಪರೀಕ್ಷಿಸಿದ್ದರು ಎಂಬುದು ಗಮನಾರ್ಹ.

ಇದಕ್ಕೆ ಜೊತೆಯಾಗುವುದು ‘ಪೂರ್ತಿ ಪಥ್ಯ, ಇಲ್ಲವೇ ಪೂರ್ತಿ ಬಿಡುವು’ ಎಂಬ ಯೋಚನೆ. ಒಂದು ಬಿಸ್ಕತ್ತು ತಿಂದರೆ ‘ಹೇಗೂ ಕೆಟ್ಟಿತು, ನಾಳೆಯಿಂದ ನೋಡೋಣ’ ಎಂದು ಇಡೀ ಪೊಟ್ಟಣ ಮುಗಿಯುತ್ತದೆ.

3. ಭಾವನೆಗೆ ಹೆಸರಿಡಿ
ಅವಮಾನ, ಒಂಟಿತನ, ಬೇಸರ, ಸಿಟ್ಟು. ತಿನ್ನುವಷ್ಟು ಹೊತ್ತು ಇವು ಮರೆಯಾಗುತ್ತವೆ. ಅದಕ್ಕೇ ಮನಸ್ಸು ಮತ್ತೆ ಅದೇ ದಾರಿ ಹಿಡಿಯುತ್ತದೆ. ಮೈತೂಕದ ಬಗ್ಗೆ ಮನೆಯವರು ಆಡುವ ಕುಹಕವನ್ನು ನಾನಂತೂ ತಮಾಷೆಯ ಪಟ್ಟಿಗೆ ಸೇರಿಸಲಾರೆ.

4. ಹೊತ್ತುಹೊತ್ತಿಗೆ ಉಣ್ಣಿ
ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ರಾತ್ರಿ ಅತಿಯಾಯಿತೆಂದು ಮರುದಿನ ಉಪವಾಸ ಕೂರಬೇಡಿ. ಶನಿವಾರದ ಒಪ್ಪತ್ತನ್ನೂ ಸದ್ಯಕ್ಕೆ ಬಿಟ್ಟರೆ ಒಳ್ಳೆಯದು. ಮಧುಮೇಹ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

5. ಡೈರಿ ಹಿಡಿದು ಹೋಗಿ
ಯೋಚನೆ–ವರ್ತನೆಗಳನ್ನು ತಿದ್ದುವ ಮನೋಚಿಕಿತ್ಸೆ (ಸಿಬಿಟಿ) ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ತಿಂದದ್ದನ್ನು ವಾಂತಿ ಮಾಡುವ, ಭೇದಿ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಡೈರಿ ತುಂಬಲಿ ಎಂದು ಕಾಯಬೇಡಿ, ಈಗಲೇ ಹೋಗಿ. ವೈದ್ಯರ ಮುಂದೆ ತೂಕದ ಮಾತು ಎತ್ತುವ ಮೊದಲು ‘ತಿನ್ನುವಾಗ ನಿಲ್ಲಿಸಲು ಆಗುತ್ತಿಲ್ಲ’ ಎಂದು ಹೇಳಿ. ಇಲ್ಲದಿದ್ದರೆ ಕೈಗೆ ಇನ್ನೊಂದು ಪಥ್ಯದ ಚೀಟಿ ಬರುವ ಸಾಧ್ಯತೆಯೇ ಹೆಚ್ಚು.